ಸುಣ್ಣದ ಗೆರೆಯ ಆಚೆ ನಿಂತ ನೋಟಿಸು

ಗೌರಿಬಿದನೂರು
4 ಮಾರ್ಚ್ 2024

ಪೂಜ್ಯ ವೆಂಕಟರಾಮಪ್ಪ ಮಾವನವರಿಗೆ, ಶಿರೀಷಾ ಮಾಡುವ ನಮಸ್ಕಾರಗಳು.

ಏಳು ಸಲ ಫೋನ್ ಮಾಡಿದೆ. ಏಳು ಸಲವೂ ಎತ್ತಿದ್ದು ಅತ್ತೆ. "ಬಾಯಲ್ಲಾಡಿದ್ದಕ್ಕೆ ಮುದ್ರೆ ಬೀಳಲ್ವಂತೆ, ಏನಿದ್ರೂ ಕಾಗದ ಬರೀಬೇಕಂತೆ ಕಣಮ್ಮ" ಎಂದರು. ಮೂವತ್ತಾರು ವರ್ಷ ಅಂಚೆ ಹಂಚಿದವರ ಮನೆಯಲ್ಲಿ ಬೆಳೆದ ತಪ್ಪಿಗೆ ಇನ್‌ಲ್ಯಾಂಡ್ ಲೆಟರ್ ಹುಡುಕಿಕೊಂಡು ಹೊರಟೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೇಳಿದರೆ, ಒಳಗಿದ್ದವರು ನನ್ನನ್ನೇ ಒಂದು ಹಳೇ ಸ್ಟಾಂಪಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

ವಿಷಯ ಇಷ್ಟು. ನನ್ನ ಕೆಲಸ ಹೋಗಿದೆ.

ಅತ್ತೆ ಮಣಿಕಟ್ಟು ಮುರಿದುಕೊಂಡರೆಂದು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಕೈ ಸಾಲದೆಂದು, ಫೆಬ್ರವರಿ ಎಂಟಕ್ಕೆ ಊರಿಗೆ ಬಂದೆನಲ್ಲ, ಆಗ ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿ ಬಂದಿದ್ದೆ. ಹತ್ತೊಂಬತ್ತಕ್ಕೆ ವಾಪಸ್ ಹೋದರೆ ಗಾರ್ಮೆಂಟ್ಸ್ ಗೇಟಿನಲ್ಲೇ ತಡೆದರು. ಹತ್ತು ದಿನ ಹೊರಗೆ ನಿಲ್ಲಿಸಿ ಮೊನ್ನೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಬರೆದಿದೆ: ಹದಿಮೂರನೇ ತಾರೀಕು ಕಂಪನಿಯ ಮನುಷ್ಯ ಕೆಂಚಾರ್ಲಹಳ್ಳಿಯ ನಮ್ಮ ಮನೆಗೇ ಬಂದು ನೋಟಿಸು ಕೊಟ್ಟನಂತೆ, ನಾನು ನಿರಾಕರಿಸಿದೆನಂತೆ, ಹದಿನಾರರ ವಿಚಾರಣೆಗೂ ಬರಲಿಲ್ಲವಂತೆ, ಆದ್ದರಿಂದ ವಜಾ. ಆರು ವರ್ಷ ಶರಟುಗಳಿಗೆ ಕಾಲರ್ ಕೂರಿಸಿದೆ ಮಾವ. ನನ್ನ ಕುತ್ತಿಗೆಗೆ ಇವರು ಇಷ್ಟು ಅಚ್ಚುಕಟ್ಟಾಗಿ ಕೂರಿಸುತ್ತಾರೆ ಎಂದುಕೊಂಡಿರಲಿಲ್ಲ.

ನಮ್ಮ ಯೂನಿಯನ್ನಿನ ಮುನಿಶಾಮಮ್ಮ ಅಕ್ಕ ಚಿಕ್ಕಬಳ್ಳಾಪುರದ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಕರೆದುಕೊಂಡು ಹೋದರು. ಅರ್ಜಿ ಕೊಟ್ಟೆ. "ನಮ್ಮ ಮನೆಗೆ ಯಾರೂ ಬಂದಿಲ್ಲ, ಯಾವ ನೋಟಿಸೂ ತಂದಿಲ್ಲ" ಎಂದು ಬರೆದು ಸಹಿ ಹಾಕಿದ್ದೇನೆ. ನಾನು ಸೊಪ್ಪಿನ ತೋಟದಲ್ಲಿದ್ದಾಗಲೋ, ಹುಳದ ಮನೆಯೊಳಗೆ ಇದ್ದಾಗಲೋ ಯಾರಾದರೂ ಬಂದಿದ್ದರಾ ಮಾವ? ಮತ್ತೆ, ಈ "ನಿರಾಕರಿಸಿದ್ದಾರೆ" ಅನ್ನೋದಕ್ಕೆ ಇಷ್ಟೊಂದು ಬೆಲೆ ಇದೆಯಾ?

ನಿಮ್ಮ
ಶಿರೀಷಾ

*

ಕೆಂಚಾರ್ಲಹಳ್ಳಿ
10 ಮಾರ್ಚ್ 2024

ಚಿ. ಶಿರೀಷಾಳಿಗೆ ಮಾವನ ಆಶೀರ್ವಾದಗಳು. ನಿನ್ನ ಅತ್ತೆ ಅಮ್ಮಾಜಮ್ಮನ ಮಣಿಕಟ್ಟೊಂದನ್ನು ಬಿಟ್ಟು ಇಲ್ಲಿ ಉಳಿದದ್ದೆಲ್ಲ ಕ್ಷೇಮ.

ನಿನ್ನ ಕಾಗದ ಐದು ದಿನ ಪ್ರಯಾಣ ಮಾಡಿ ಬಂದಿದೆ. ನನ್ನ ಕಾಲದಲ್ಲಾಗಿದ್ದರೆ ಮೂರೇ ದಿನ. ಅದಿರಲಿ.

"ನಿರಾಕರಿಸಲಾಗಿದೆ" ಎಂಬ ಷರಾವನ್ನು ಹಗುರವಾಗಿ ತಿಳಿಯಬೇಡ. ಬೇಡ ಅಂದವನ ಕೈಗೂ ಕಾಗದ ತಲುಪಿದ ಹಾಗೆಯೇ ಲೆಕ್ಕ. ಕಾನೂನು ಕೈಯನ್ನು ನೋಡುವುದಿಲ್ಲ, ಬಾಗಿಲನ್ನು ನೋಡುತ್ತದೆ. ತೊಂಬತ್ನಾಲ್ಕರಲ್ಲಿ ನಮ್ಮೂರಿನ ಒಬ್ಬ ಗೃಹಸ್ಥ ಕೋರ್ಟಿನ ರಿಜಿಸ್ಟರ್ ಕಾಗದ ನೋಡಿದವನೇ ಹುಣಸೆ ಮರ ಹತ್ತಿದ. ನಾನು ಕೆಳಗೆ ನಿಂತು, "ಇಳೀತೀಯೋ, ಬರೀಲೋ?" ಎಂದೆ. "ಬರ್ಕೊ ಹೋಗಯ್ಯ" ಎಂದ. ಬರೆದುಕೊಂಡೆ. ಪಾಪ, ಜಮೀನು ಹೋಯಿತು. ಮರ ಮಾತ್ರ ಉಳಿಯಿತು, ಅದು ಸರ್ಕಾರದ್ದು.

ಯಾರಾದರೂ ಬಂದಿದ್ದರಾ ಎಂದು ಕೇಳಿದ್ದೀಯ. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ಹೊತ್ತಿನಲ್ಲಿ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ? ಬಂದರೂ ಯಾರು ಬಿಡುತ್ತಾರೆ?

ಈ ಸಲ ಗೂಡು ಬಲು ಚೆನ್ನಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಕೈಗೆತ್ತಿಕೊಂಡವರೆಲ್ಲ ಕಿವಿಯ ಹತ್ತಿರ ಅಲ್ಲಾಡಿಸಿ ತಲೆದೂಗಿದರು. ಎಲ್ಲ ನಿನ್ನ ಕೈಗುಣ.

ಅಧಿಕಾರಿಗಳ ಮುಂದೆ ಕುರ್ಚಿಯ ತುದಿಯಲ್ಲಿ ಕೂರಬೇಡ. ತುದಿಯಲ್ಲಿ ಕೂತವರನ್ನು ಎಲ್ಲರೂ ಬೇಗ ಎಬ್ಬಿಸುತ್ತಾರೆ.

ಇಂತಿ,
ವೆಂಕಟರಾಮಪ್ಪ

*

ಗೌರಿಬಿದನೂರು
28 ಮಾರ್ಚ್ 2024

ಪೂಜ್ಯ ಮಾವನವರಿಗೆ,

ಮೊದಲ ವಾಯಿದೆ ಮುಗಿಯಿತು. ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ಹೇಳಿದಿರಿ, ಕುರ್ಚಿ ಸಿಗದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. ಹನ್ನೊಂದಕ್ಕೆ ಎಂದಿದ್ದರು. ಹತ್ತಕ್ಕೇ ಹೋಗಿ ಕಾರಿಡಾರಿನಲ್ಲಿ ನಿಂತೆವು. ನಮ್ಮಂಥ ಏಳೆಂಟು ಗುಂಪುಗಳಿದ್ದವು. ಕೆಲಸದಿಂದ ತೆಗೆಸಿಕೊಂಡವರು ಮತ್ತು ತೆಗೆದವರು ಒಂದೇ ಬೆಂಚಿನಲ್ಲಿ ಕೂತು, ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದರು. ಮದುವೆ ಛತ್ರದಲ್ಲಿ ಎರಡೂ ಕಡೆಯವರು ಊಟಕ್ಕೆ ಕಾಯುವ ಹಾಗಿತ್ತು.

ನಮ್ಮ ಸರದಿ ಬಂತು. ಅಧಿಕಾರಿ ಒಬ್ಬರು ಮೇಡಂ. ದನಿ ಎತ್ತುವುದೇ ಇಲ್ಲ. ಮೊದಲು ಒಂದು ಹಾಳೆಯಲ್ಲಿ ನಮ್ಮ ಹಾಜರಿ ಬರೆಸಿ ಸಹಿ ಹಾಕಿಸಿದರು. ಕಂಪನಿಯವರ ಹೆಸರು ಕೂಗಿಸಿದರು. ಯಾರೂ ಇಲ್ಲ. ಎರಡು ಗಂಟೆವರೆಗೆ ನೋಡಿ, "ಆಡಳಿತ ವರ್ಗ ಗೈರು" ಎಂದು ಬರೆದು, ಅದನ್ನೇ ನಮಗೆ ಓದಿ ಹೇಳಿ, ಮುಂದಿನ ತಾರೀಕು ಕೊಟ್ಟರು.

ನಾನು ತಡೆಯಲಾರದೆ, "ಮೇಡಂ, ಹನ್ನೊಂದು ದಿನ ಗೈರಾಗಿದ್ದಕ್ಕೆ ನನ್ನ ಕೆಲಸ ತೆಗೆದ್ರು. ಇವ್ರು ಗೈರಾದ್ರೆ ಏನು ತೆಗೀತೀರಿ?" ಎಂದುಬಿಟ್ಟೆ. ಮುನಿಶಾಮಮ್ಮಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮೇಡಂ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಾನು ಜಡ್ಜ್ ಅಲ್ಲ. ತೀರ್ಪು ಕೊಡೋ ಅಧಿಕಾರ ನನಗಿಲ್ಲ. ಎರಡೂ ಕಡೆಯೋರನ್ನ ಕೂರಿಸಿ ಒಪ್ಪಿಸೋದು ನನ್ನ ಕೆಲಸ. ಒಪ್ಪಲಿಲ್ಲ ಅಂದ್ರೆ, ಸಂಧಾನ ವಿಫಲ ಅಂತ ಬರೆದುಕೊಡ್ತೀನಿ. ಆಮೇಲೆ ಕೋರ್ಟು" ಎಂದರು.

ಕೋರ್ಟೆಂದರೆ ಎಷ್ಟು ದಿನ ಎಂದು ಹೊರಗೆ ಬಂದ ಮೇಲೆ ಅಕ್ಕನನ್ನು ಕೇಳಿದೆ. "ದಿನ ಅಂತ ಯಾಕೆ ಕೇಳ್ತೀಯ ಕಣೇ, ವರ್ಷ ಅಂತ ಕೇಳು" ಎಂದರು. ಅಷ್ಟರಲ್ಲಿ ನನ್ನ ಮಿಶನ್ನಿನ ಮೇಲೆ ಇನ್ಯಾರೋ ಕೂತು ಬೇರು ಬಿಟ್ಟಿರುತ್ತಾರೆ.

ಆದರೂ ಧೈರ್ಯವಿದೆ. ಯಾರೂ ಬರದ ಮನೆಗೆ ಬಂದೆವು ಎಂದು ಅವರು ಹೇಗೆ ತೋರಿಸುತ್ತಾರೆ?

ನಿಮ್ಮ
ಶಿರೀಷಾ

*

ಕೆಂಚಾರ್ಲಹಳ್ಳಿ
5 ಏಪ್ರಿಲ್ 2024

ಚಿ. ಶಿರೀಷಾಳಿಗೆ ಆಶೀರ್ವಾದಗಳು.

ಮೇಡಂ ಮುಂದೆ ಹಾಗೆ ಕೇಳಿದ್ದು ತಪ್ಪು. ಮನೆಯಲ್ಲಿ ಮಾತ್ರ ನಾವಿಬ್ಬರೂ ಎರಡು ಸಲ ಓದಿಕೊಂಡು ನಕ್ಕೆವು.

ಅವರ ಕೆಲಸ ನನಗೆ ಅರ್ಥವಾಯಿತು, ಮದುವೆ ದಲ್ಲಾಳಿಯದು. ಗಂಡಿನ ಕಡೆಗೆ ಹೆಣ್ಣು ಚಿನ್ನ ಅನ್ನಬೇಕು, ಹೆಣ್ಣಿನ ಕಡೆಗೆ ಗಂಡು ಬಂಗಾರ ಅನ್ನಬೇಕು. ಇಬ್ಬರೂ ಮೊದಲೇ ಒಂದು ಸಲ ಮದುವೆಯಾಗಿ ಬಿಟ್ಟವರು ಎನ್ನುವುದೊಂದೇ ತೊಡಕು.

ನಿನ್ನ ಅರ್ಜಿಯ ಬಗ್ಗೆ ಒಂದು ಮಾತು. "ಯಾರೂ ಬಂದಿಲ್ಲ" ಎನ್ನುವುದು ಬಹಳ ಒರಟಾಗಿದೆ. ಸರ್ಕಾರಿ ಕಾಗದದಲ್ಲಿ ಅಷ್ಟು ಖಡಾಖಂಡಿತವಾಗಿ ಬರೆಯುವುದು ಲಕ್ಷಣವಲ್ಲ. "ನನಗೆ ಗೊತ್ತಿದ್ದ ಮಟ್ಟಿಗೆ" ಎಂದು ಸೇರಿಸಿ ಇನ್ನೊಂದು ಅರ್ಜಿ ಕೊಡು. ನಾನು ಅನುಭವದಿಂದ ಹೇಳುತ್ತಿದ್ದೇನೆ, ಬೇರೇನೂ ಇಲ್ಲ.

ಬಿಸಿಲು ಜಾಸ್ತಿ. ಅತ್ತೆಯ ಕೈಯ ಪಟ್ಟಿ ಬಿಚ್ಚಿದರು.

ಇಂತಿ,
ವೆಂಕಟರಾಮಪ್ಪ

*

ಗೌರಿಬಿದನೂರು
23 ಏಪ್ರಿಲ್ 2024

ಮಾವ,

ಇವತ್ತು ಕಂಪನಿಯವರು ಬಂದರು. ಎಚ್.ಆರ್. ಮ್ಯಾನೇಜರ್ ಮೋಹನ್‌ಬಾಬು, ಜೊತೆಗೆ ದಪ್ಪನೆಯ ಫೈಲು. ಅದರಿಂದ ಒಂದು ಹಾಳೆ ತೆಗೆದು ಮೇಡಂ ಮುಂದೆ ಇಟ್ಟರು. ಅವರ ಆಫೀಸಿನ ವೇಣು ಬರೆದ ವರದಿ: "13.02.2024ರಂದು ಕೆಂಚಾರ್ಲಹಳ್ಳಿಯ ಮನೆಯಲ್ಲಿ ಕಾರ್ಮಿಕಳು ಖುದ್ದಾಗಿ ನೋಟಿಸು ನಿರಾಕರಿಸಿದರು."

ಖುದ್ದಾಗಿ! ವೇಣುವನ್ನು ಆ ದಿನ ನಾನು ಕನಸಿನಲ್ಲೂ ಕಂಡಿಲ್ಲ.

"ಸುಳ್ಳು ಮೇಡಂ, ನಮ್ಮ ಮನೆ ಎಲ್ಲಿದೆ ಅಂತಲೇ ಇವ್ರಿಗೆ ಗೊತ್ತಿಲ್ಲ" ಎಂದೆ. ಮೋಹನ್‌ಬಾಬು ತಣ್ಣಗೆ, "ಸುಳ್ಳು ಯಾರ್ದು ಅಂತ ಗೊತ್ತಾಗ್ಲಿ. ಸುಳ್ಳು ಅರ್ಜಿ ಕೊಟ್ಟೋರನ್ನ ನಾವು ಹೇಗೆ ವಾಪಸ್ ತಗೊಳ್ಳೋದು, ನೀವೇ ಹೇಳಿ ಮೇಡಂ?" ಎಂದರು. ಮೇಡಂ ನಮ್ಮನ್ನು ಆಚೆ ಕಳಿಸಿ ಅವರ ಹತ್ತಿರ ಮಾತಾಡಿದರು. ಅವರನ್ನು ಆಚೆ ಕಳಿಸಿ ನಮ್ಮ ಹತ್ತಿರ ಮಾತಾಡಿದರು. ಕೊನೆಗೆ, ಯಾರ ಮಾತು ನಿಜವೋ ಮುಂದಿನ ಸಲ ಆಧಾರ ಸಮೇತ ಬನ್ನಿ, ಅದೇ ಕೊನೆಯ ವಾಯಿದೆ ಎಂದರು.

ಹೊರಗೆ ಅಕ್ಕ ಹೇಳಿದರು: "ಆವತ್ತು ಮನೇಲಿ ಇದ್ದೋರು ಒಬ್ರು ಬಂದು ಹೇಳ್ಬೇಕು ಕಣೇ." ನಾನು ಕೂಡಲೇ ನಿಮ್ಮ ಹೆಸರು ಹೇಳಿದೆ. "ನಮ್ಮ ಮಾವ ಸರ್ಕಾರಿ ಅಂಚೆಯೋರು. ಸುಳ್ಳು ಹೇಳಿ ಗೊತ್ತೇ ಇಲ್ಲ" ಎಂದು ಎದೆಯುಬ್ಬಿಸಿಯೇ ಹೇಳಿದೆ.

ನೀವು ಬಂದು "ಯಾರೂ ಬಂದಿಲ್ಲ" ಎಂದು ಒಂದು ಮಾತು ಹೇಳಿ ಮಾವ. ಚಿಂತಾಮಣಿಯಿಂದ ಬೆಳಗಿನ ಬಸ್ಸು ಹಿಡಿದರೆ ಸಾಕು. ನೀವು "ಒರಟು" ಎಂದ ವಾಕ್ಯವನ್ನು ನಾನು ಬದಲಾಯಿಸಿಲ್ಲ. ನಿಜ ಒರಟಾಗಿಯೇ ಇರಲಿ ಬಿಡಿ.

ಶಿರೀಷಾ

*

ಕೆಂಚಾರ್ಲಹಳ್ಳಿ
3 ಮೇ 2024

ಶಿರೀಷಾ,

ನಾನು ಬಂದು ಹಾಗೆ ಹೇಳಲಾರೆ. ಅವನು ಬಂದಿದ್ದ.

ಫೆಬ್ರವರಿ ಹದಿಮೂರು, ಮಂಗಳವಾರ, ಹನ್ನೊಂದೂವರೆ ಹೊತ್ತು. ನೀನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಹುಳ ಹಣ್ಣಾಗುವುದಕ್ಕೆ ನಾಲ್ಕು ದಿನವಿತ್ತು. ನಮ್ಮಲ್ಲಿ ಆ ನಾಲ್ಕು ದಿನ ಹೊರಗಿನವರನ್ನು ಹುಳದ ಮನೆಯ ಹತ್ತಿರ ಬಿಡುವುದಿಲ್ಲವೆಂದು ನಿನಗೆ ಗೊತ್ತು. ಬೈಕಿನಲ್ಲಿ ಬಂದ ಆ ಮನುಷ್ಯ ಮೈತುಂಬ ಸೆಂಟು ಹೊಡೆದುಕೊಂಡಿದ್ದ. ಗೇಟಿನಿಂದಲೇ ಘಮ್ಮೆಂದಿತು. ಅದೊಂದು ವಾಸನೆ ಒಳಗೆ ಹೋಗಿದ್ದರೆ ಹುಳವೆಲ್ಲ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಮಲಗುತ್ತಿದ್ದವು. ನಾನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, "ಇದ್ರ ಈಚೆ ಕಾಲಿಟ್ರೆ ನೋಡು" ಎಂದೆ. "ಶಿರೀಷಾ ಅನ್ನೋರಿಗೆ ಕಂಪನಿ ನೋಟಿಸು, ತಗೊಳ್ಳಿ ಸಾರ್" ಎಂದು ಕೈ ಚಾಚಿದ. ಆ ಲಕೋಟೆಗೂ ಸೆಂಟು ಮೆತ್ತಿತ್ತು. ಹುಳ ಮುಟ್ಟುವ ಕೈಯಲ್ಲಿ ಅದನ್ನು ಹಿಡಿಯಲಾರೆ, ನಾಲ್ಕು ದಿನ ಬಿಟ್ಟು ಬಾ ಎಂದೆ. ಅವನು ಗೊಣಗುತ್ತಾ ಹೋದ. ಒಳಗಿನಿಂದ ನಿನ್ನ ಅತ್ತೆ, "ಎವರಯ್ಯಾ ಅದಿ?" ಎಂದು ಕೂಗಿದಳು. ಯಾರು ಅಂದದ್ದಕ್ಕೆ ಸೀರೆ ಮಾರುವವನು ಎಂದೆ.

ಇಲ್ಲಿಯವರೆಗೆ ನಡೆದದ್ದನ್ನು ಹುಳದ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದು. ಮುಂದಿನದು ನನ್ನದು.

ಸಂಜೆ ನೀನು ಸೊಪ್ಪಿನ ಹೊರೆ ಇಳಿಸಿ, ನೀರು ಕುಡಿದು, ಊಟಕ್ಕೆ ಕೂತೆ. ಆಗ ಹೇಳಬಹುದಿತ್ತು. ಹೇಳಿದ್ದರೆ ನೀನು ಮಾರನೇ ಬೆಳಗ್ಗೆಯೇ ಬಸ್ಸು ಹತ್ತುತ್ತಿದ್ದೆ. ನಿನ್ನ ಅತ್ತೆಗೆ ಒಂದೇ ಕೈ, ನನಗೆ ಬಗ್ಗಲಾಗದ ಸೊಂಟ. ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟಿಗೆ ಬಿಡಲು ನೀನು ಬೇಕಿತ್ತು. ನಾಲ್ಕು ದಿನ ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಗೂಡು ಕಟ್ಟಿದವು. ಹೇಳಲಿಲ್ಲ. ನೀನು ಹೊರಟೆ. ಬಸ್‌ಸ್ಟಾಪಿನವರೆಗೂ ಬಂದೆ. ಹೇಳಲಿಲ್ಲ. ಆಮೇಲೆ ನಿನ್ನ ಕಾಗದ ಬಂತು. ಅಲ್ಲೂ ಹುಣಸೆ ಮರದ ಕಥೆ ಹೇಳಿದೆ.

ಬೇರೆಯವರ ಹೆಸರಿನ ಕಾಗದವನ್ನು ನಾನು ಮೂವತ್ತಾರು ವರ್ಷದಲ್ಲಿ ಒಂದು ದಿನವೂ ತಡೆದವನಲ್ಲ. ತಡೆದದ್ದು ಒಂದೇ, ಅದೂ ನಿನ್ನದು.

ನೀನು ಖುದ್ದಾಗಿ ನಿರಾಕರಿಸಿದೆ ಎಂದು ಅವನು ಬರೆದದ್ದು ಸುಳ್ಳು. ಯಾರೂ ಬಂದಿಲ್ಲ ಎಂದು ನೀನು ಬರೆದದ್ದೂ ನಿಜವಲ್ಲ. ಈ ಕಾಗದವನ್ನು ಏನು ಬೇಕಾದರೂ ಮಾಡು.

ವೆಂಕಟರಾಮಪ್ಪ

*

ಗೌರಿಬಿದನೂರು
30 ಮೇ 2024

(ಕಾರ್ಡು)

ಕಾಗದ ತಲುಪಿತು. ಕೊನೆಯ ವಾಯಿದೆ ಜೂನ್ 20ಕ್ಕೆ. ನೀವು ಬರುವುದು ಬೇಡ.

ಶಿರೀಷಾ

*

ಕೆಂಚಾರ್ಲಹಳ್ಳಿ
8 ಜೂನ್ 2024

ಚಿ. ಶಿರೀಷಾಳಿಗೆ,

ನಿನ್ನ ಕಾರ್ಡು ಬಂತು. ಕಾರ್ಡನ್ನು ಊರೆಲ್ಲ ಓದಬಹುದು ಎಂದು ಗೊತ್ತಿದ್ದೇ ಕಳಿಸಿರುತ್ತೀಯ. ನಿನ್ನ ಅತ್ತೆ ಓದಿದಳು. ಯಾಕೆ ಬೇಡ ಅಂದಿದ್ದಾಳೆ ಎಂದು ಕೇಳಿದಳು. ಹೇಳಿದೆ. ಅವತ್ತಿನಿಂದ ನಮ್ಮ ಮನೆಯಲ್ಲೂ ಆಡಳಿತ ವರ್ಗ ಗೈರು. ಊಟದ ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ. ತಟ್ಟೆ ಮಾತ್ರ ಜೋರಾಗಿ ಮಾತಾಡುತ್ತದೆ. ನಿನ್ನೆ ಒಂದೇ ವಾಕ್ಯ ಸಿಕ್ಕಿತು: "ಸೀರೆ ಮಾರೋನಂತೆ, ಸೀರೆ!"

ಬರಬೇಡ ಎಂದರೆ ಬರುವುದಿಲ್ಲ. ಬಾ ಎಂದರೆ ಬಂದು, ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ವೆಂಕಟರಾಮಪ್ಪ

*

ಗೌರಿಬಿದನೂರು
24 ಜೂನ್ 2024

ಪೂಜ್ಯ ಮಾವನವರಿಗೆ,

ಬಹಳ ದಿನ ಬರೆಯಲಿಲ್ಲ. ಬರೆದಿದ್ದರೆ ಬೈದು ಬರೆಯುತ್ತಿದ್ದೆ, ಕಾಗದ ಸಾಲುತ್ತಿರಲಿಲ್ಲ.

ನಿಮ್ಮ ಕಾಗದ ಓದಿ ಮುನಿಶಾಮಮ್ಮಕ್ಕ, "ಇದನ್ನ ಒಲೆಗೆ ಹಾಕು ಕಣೇ. ಅವ್ರ ಹತ್ರ ಒಂದು ವರದಿ ಬಿಟ್ರೆ ಬೇರೆ ಸಾಕ್ಷಿ ಇಲ್ಲ. ನೀನು ಬಂದಿಲ್ಲ ಅನ್ನು, ಅವ್ರು ಬಂದ್ವಿ ಅನ್ಲಿ" ಎಂದರು. ಒಂದು ತಿಂಗಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ. ಒಲೆಗೆ ಹಾಕಲು ಎರಡು ಸಲ ಎದ್ದೆ. ನಮ್ಮ ರೂಮಿನಲ್ಲಿ ಇರುವುದು ಇಂಡಕ್ಷನ್ ಸ್ಟೌ. ಅದರ ಮೇಲಿಟ್ಟರೆ ಕಾಗದ ಬೆಚ್ಚಗೂ ಆಗುವುದಿಲ್ಲ. ಆದರೆ ಕಾರಣ ಅದಲ್ಲ ಎಂದು ನಿಮಗೂ ಗೊತ್ತು. ಸುಳ್ಳು ಎಂದು ತಿಳಿದ ಮೇಲೆ ಅದೇ ಮಾತಿನ ಮೇಲೆ ಮತ್ತೆ ಕೂರಲು ನನ್ನಿಂದಾಗಲಿಲ್ಲ.

ಜೂನ್ ಇಪ್ಪತ್ತಕ್ಕೆ ಹಾಜರಿ ಹಾಳೆಗೆ ಸಹಿ ಹಾಕಿ, ಮೇಡಂ ಕೇಳುವ ಮುಂಚೆಯೇ ಹೇಳಿದೆ: "ಮೇಡಂ, ನನ್ನ ಅರ್ಜಿಲಿ ಒಂದು ಮಾತು ತಪ್ಪಿದೆ. ಇವ್ರು ನಮ್ಮನೆಗೆ ಬಂದಿದ್ರು. ನನಗೆ ಗೊತ್ತಿರಲಿಲ್ಲ." ನಿಮ್ಮ ಕಾಗದವನ್ನು ಮೇಜಿನ ಮೇಲೆ ಇಟ್ಟೆ. ಅಕ್ಕ ಈ ಸಲ ಕಾಲು ತುಳಿಯಲಿಲ್ಲ, ಹಣೆ ಹಿಡಿದುಕೊಂಡರು. ಮೋಹನ್‌ಬಾಬು ಮಾತ್ರ ಮಗಳ ಮದುವೆ ಗೊತ್ತಾದವರಂತೆ ಬೆಳಗಿದರು. "ನಾನು ಹೇಳ್ಲಿಲ್ವಾ ಮೇಡಂ?"

ಮೇಡಂ ನಿಮ್ಮ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ವೇಣುವಿನ ವರದಿಯನ್ನು ಅದರ ಪಕ್ಕದಲ್ಲಿಟ್ಟು, "ಇವ್ರ ತಪ್ಪು ಇವ್ರೇ ತಂದು ಕೊಟ್ರು. ನಿಮ್ಮದರಲ್ಲಿ ಖುದ್ದಾಗಿ ಅಂತ ಇದೆಯಲ್ಲ, ಬರೆದೋರು ಎಲ್ಲಿ?" ಎಂದು ಕೇಳಿದರು. ವೇಣು ಕೆಳಗೆ ಕಾರಿನಲ್ಲಿದ್ದ. ಬಂದ. ಬರುವ ಮುಂಚೆ ಸೆಂಟು ಬಂತು. ಮೇಡಂ ಕಿಟಕಿ ತೆಗೆಸಿದರು.

"ಆವತ್ತು ಇವ್ರನ್ನ ನೋಡಿದ್ರಾ?"

"ಇಲ್ಲ ಮೇಡಂ. ಯಾರೋ ಒಬ್ರು ತಾತ ಇದ್ರು. ನೆಲದ ಮೇಲೆ ಬಿಳೀ ಗೆರೆ ಎಳೆದು ಈಚೆ ಬರ್ಬೇಡ ಅಂದ್ರು. ನಾನು ಮಾಟನೋ ಏನೋ ಅಂತ ಹೆದರ್ಕೊಂಡು ಬಂದ್ಬಿಟ್ಟೆ."

"ಮತ್ತೆ ಕಾರ್ಮಿಕಳು ಖುದ್ದಾಗಿ ನಿರಾಕರಿಸಿದ್ರು ಅಂತ ಯಾಕೆ ಬರೆದ್ರಿ?"

"ಫಾರಂನಲ್ಲಿ ಎರಡೇ ಚೌಕ ಇತ್ತು ಮೇಡಂ. ಒಂದು, ತಗೊಂಡ್ರು. ಇನ್ನೊಂದು, ಖುದ್ದಾಗಿ ಬೇಡ ಅಂದ್ರು. ತಾತ ಗೆರೆ ಎಳೆದ್ರು ಅನ್ನೋದಕ್ಕೆ ಚೌಕ ಇರಲಿಲ್ಲ."

ಯಾರೂ ನಗಲಿಲ್ಲ ಮಾವ. ಮೇಡಂ ತಮ್ಮ ಹಾಳೆಯ ಮೇಲೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ಭುಜ ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು.

ಆಮೇಲೆ ಮೋಹನ್‌ಬಾಬು ಕಡೆಗೆ ತಿರುಗಿ ಮೆಲ್ಲಗೆ ಹೇಳಿದರು: "ಇವ್ರಿಗೆ ನೋಟಿಸು ವಿಷಯ ಗೊತ್ತೇ ಇರಲಿಲ್ಲ, ಗೊತ್ತಿಲ್ಲದ ವಿಚಾರಣೆಗೆ ಹೇಗೆ ಬರ್ತಾರೆ? ಈ ವರದಿ ಇಟ್ಕೊಂಡು ಕೋರ್ಟಿಗೆ ಹೋದ್ರೆ, ವೇಣು ಅಲ್ಲೂ ಇದನ್ನೇ ಹೇಳ್ತಾರೆ. ಯೋಚನೆ ಮಾಡಿ." ಅವರು ಕಾರಿಡಾರಿಗೆ ಹೋಗಿ ಫೋನ್ ಮಾಡಿದರು. ಕಾಲು ಗಂಟೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿದ್ದ ಹಬ್ಬಗಳನ್ನೆಲ್ಲ ನಾನು ಓದಿ ಮುಗಿಸಿದೆ.

ಒಪ್ಪಿದರು. ಜುಲೈ ಒಂದರಿಂದ ಅದೇ ಕೆಲಸ, ಹಳೆಯ ಆರು ವರ್ಷದ ಸೇವೆಯೂ ಹಾಗೇ ಮುಂದುವರಿಯುತ್ತದೆ. ರಜೆಗೆ ಅರ್ಜಿ ಬರೆದುಕೊಡದೆ ಹೋದದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ. ಅದು ನ್ಯಾಯವೇ, ತೆಗೆದುಕೊಂಡೆ. ಮೇಡಂ ಒಪ್ಪಂದವನ್ನು ಬರೆಸಿ, ಪ್ರತಿ ಸಾಲನ್ನೂ ಓದಿ ಹೇಳಿ, ಇಬ್ಬರ ಕೈಲೂ ಸಹಿ ಹಾಕಿಸಿದರು. ಸಾಕ್ಷಿಗೆ ಆ ಕಡೆಯಿಂದ ವೇಣು, ಈ ಕಡೆಯಿಂದ ಮುನಿಶಾಮಮ್ಮಕ್ಕ. ಅಕ್ಕ ಸಹಿ ಹಾಕುವಾಗ ಮೂಗು ಮುಚ್ಚಿಕೊಂಡೇ ಹಾಕಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಇವತ್ತು ಬೆಳಗ್ಗೆ ಕಂಪನಿಯಲ್ಲಿ ಇನ್ನೊಂದು ಫಾರಂ ಕೊಟ್ಟರು. "ಇನ್ನು ಮುಂದೆ ನೋಟಿಸು, ಪತ್ರಗಳನ್ನು ಕಳುಹಿಸಬೇಕಾದ ವಿಳಾಸ." ಆರು ವರ್ಷದ ಹಿಂದೆ ಇದೇ ಜಾಗದಲ್ಲಿ, ಯೋಚನೆಯೇ ಇಲ್ಲದೆ, "ವೆಂಕಟರಾಮಪ್ಪನವರ ಮನೆ, ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು" ಎಂದು ಬರೆದಿದ್ದೆ. ಈ ಸಲ ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. ಹಿಂದೆ ನಿಂತವರು "ಬೇಗ ಬರೀಯಮ್ಮ" ಎಂದರು.

ಗೌರಿಬಿದನೂರಿನ ನನ್ನ ರೂಮಿನ ವಿಳಾಸ ಬರೆದೆ.

ಸಿಟ್ಟಿನಿಂದ ಬರೆದದ್ದಲ್ಲ. ಸಿಟ್ಟು ಆ ಕಾರ್ಡಿನಲ್ಲೇ ಖರ್ಚಾಯಿತು. ನನ್ನ ಹೆಸರಿಗೆ ಬಂದದ್ದು ಒಳ್ಳೆಯದೋ ಕೆಟ್ಟದ್ದೋ, ಮೊದಲು ನನ್ನ ಕೈಗೇ ಬರಲಿ ಅನ್ನಿಸಿತು. ಅದರ ಕೆಳಗೆ ಇನ್ನೊಂದು ಸಾಲಿತ್ತು: "ಹತ್ತಿರದ ಸಂಬಂಧಿ, ತುರ್ತು ಇದ್ದಲ್ಲಿ ತಿಳಿಸಬೇಕಾದವರು." ಅಲ್ಲಿ ನಿಮ್ಮ ಹೆಸರು ಬರೆದಿದ್ದೇನೆ. ಅದಕ್ಕೆ ಯೋಚಿಸಬೇಕಾಗಲಿಲ್ಲ. ಆದರೆ ಅಲ್ಲಿ ಫೋನ್ ನಂಬರು ಕೇಳುತ್ತಾರೆ ಮಾವ, ಕಾಗದ ನಡೆಯುವುದಿಲ್ಲ. ಬರೆದಿರುವುದು ನಿಮ್ಮ ಮನೆಯದೇ ನಂಬರು.

ಇನ್ನು ಮೇಲೆ ಅದು ರಿಂಗಾದರೆ ನೀವೇ ಎತ್ತಬೇಕು.

ನಿಮ್ಮ
ಶಿರೀಷಾ